ಹಳೆಯ ಯೆಜ್ಡಿಯೋ, ಹೊಸ ಜಾವಾವೋ?

ಯೋಗಕ್ಷೇಮವೆಂಬ ಮಾತನ್ನು ನಾವೆಲ್ಲರೂ ಕಾಗದ ಬರೆಯುವಾಗ ಅಭ್ಯಾಸಬಲದಿಂದ ಬಳಸುತ್ತೇವೆಯೇ ಹೊರತು ಅದರ ಎರಡು ಪಾಲುಗಳನ್ನು ಬಿಡಿಸಿ ನೋಡುವವರು ಕಡಮೆ. ಇಲ್ಲದ ವಸ್ತುವನ್ನು ಪಡೆಯುವುದು ಯೋಗ. ಪಡೆದುದನ್ನು ಕೆಡದಂತೆ ಕಾಪಾಡಿಕೊಳ್ಳುವುದು ಕ್ಷೇಮ. ಹೀಗೆಂದು ಹಿಂದಿನ ವ್ಯಾಖ್ಯಾನಕಾರರು ವಿಂಗಡಿಸಿ ಹೇಳಿದ್ದಾರೆ. ಒಬ್ಬರು ಬಳಸಿದ ವಾಹನವನ್ನು ಕೊಳ್ಳಲು ಹೊರಟ ಗೃಹಸ್ಥನು ಯೋಗದ ಲೆಕ್ಕವನ್ನು ಬೆರಳು ಮಡಿಚಿ ಮಡಿಚಿ ಹಾಕುತ್ತಾನೆ: ಬೆಲೆಯೆಷ್ಟು, ಚೌಕಾಸಿಯಲ್ಲಿ ಎಷ್ಟು ಇಳಿಯುವುದು, ಬಣ್ಣ ಹೇಗಿದೆ, ನೆರೆಹೊರೆಯವರು ಏನೆನ್ನುವರು. ಕ್ಷೇಮದ ಲೆಕ್ಕಕ್ಕೆ ಕೂರುವುದು ವಾಹನ ಮನೆಗೆ ಬಂದು ಆರು ತಿಂಗಳು ಕಳೆದ ಮೇಲೆ. ಅದರಲ್ಲಿಯೂ ಎದುರಿಗಿರುವ ಎರಡು ವಾಹನಗಳು ಬೇರೆ ಬೇರೆ ಕಾಲದವಾಗಿದ್ದರೆ ಆಯ್ಕೆಯು ಬಹಳ ತೊಡಕಿನದಾಗುತ್ತದೆ. ಅಂತಹ ಒಂದು ಆಯ್ಕೆಯ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಓಟದ ವಾಹನವೆಂದೊಡನೆ ಕೆಲವರಿಗೆ ಎರಡೇ ಆಸನಗಳ ಸ್ಪೋರ್ಟ್ಸ್ ಕಾರು ನೆನಪಾಗಬಹುದು. ಅದು ದಾವಣಗೆರೆಯ ಬೀದಿಗಳಲ್ಲಿ ಕಾಣಸಿಗುವುದು ಅಪರೂಪ. ಕಂಡರೂ ನಮ್ಮ ನಿಮ್ಮಂಥವರ ಮನೆಯದಾಗಿರುವುದಿಲ್ಲ. ನಮ್ಮ ಸೀಮೆಯ ಮಧ್ಯಮ ವರ್ಗದವರಿಗೆ ವೇಗದ ಸುಖವು ದೊರೆತದ್ದು ಎರಡು ಚಕ್ರಗಳ ಮೇಲೆ. ಅದೂ ಬಹುಮಟ್ಟಿಗೆ ಮೈಸೂರಿನ ಕೃಪೆಯಿಂದ. ೧೯೬೦ರಲ್ಲಿ ಅಲ್ಲಿ ಆರಂಭವಾದ ಐಡಿಯಲ್ ಜಾವಾ ಸಂಸ್ಥೆಯು ಚೆಕೊಸ್ಲೊವಾಕಿಯ ದೇಶದ ಜಾವಾ ಮೋಟಾರು ಸೈಕಲ್ಲುಗಳನ್ನು ಪರವಾನಗಿ ಪಡೆದು ತಯಾರಿಸತೊಡಗಿತು. ಅದರ ಸ್ಥಾಪಕರಲ್ಲಿ ರುಸ್ತುಂ ಇರಾನಿಯವರು ಮುಖ್ಯರು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು. ೧೯೭೩ರಿಂದೀಚೆಗೆ ಅದೇ ಕಾರ್ಖಾನೆಯ ವಾಹನಗಳು ಯೆಜ್ಡಿ ಎಂಬ ಹೆಸರಿನಿಂದ ಹೊರಬಂದುವು. ಮದರಾಸಿನ ಬಳಿಯ ಶೋಳವರಂ ಪಂದ್ಯಗಳಲ್ಲಿಯೂ ಅವು ಓಡಿದುವು. ನಮ್ಮ ಊರುಗಳಲ್ಲಿ ಹಾಲಿನ ಕ್ಯಾನುಗಳನ್ನು ಹೊತ್ತೂ ಓಡಿದುವು.

ಹೆಸರುಗಳ ವಿಷಯವಾಗಿ ಒಂದು ಮಾತು. ಮೇಷ್ಟರ ಚಪಲವೆಂದು ವಾಚಕರು ಸೈರಿಸಬೇಕು. ಜನೆಚೆಕ್ ಎಂಬ ಚೆಕ್ ಉದ್ಯಮಿಯು ೧೯೨೯ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಜಾವಾ. ಆ ದೇಶದವರ ಉಚ್ಚಾರದಲ್ಲಿ ಅದು ಯಾವಾ. ಯೆಜ್ಡಿ ಎಂಬುದು ಇರಾನಿನ ಯಜ್ದ್ ಎಂಬ ಊರಿನ ಹೆಸರಿನಿಂದ ಬಂದುದೆಂದು ಹೇಳುತ್ತಾರೆ. ಯಜ್ದ್ ಎಂಬ ಪಾರಸಿಕ ಶಬ್ದಕ್ಕೂ ನಮ್ಮ ಯಜ್ ಧಾತುವಿಗೂ ಮೂಲವೊಂದೇ, ಪೂಜ್ಯವಾದುದೆಂದು ಅರ್ಥ. ಆಯುಧಪೂಜೆಯ ದಿನ ಚೆಂಡುಹೂವಿನ ಹಾರ ಹಾಕಿಸಿಕೊಳ್ಳುವ ವಾಹನಗಳಲ್ಲಿ ಇದೊಂದಕ್ಕಾದರೂ ವ್ಯಾಕರಣದ ಬೆಂಬಲವುಂಟು.

ಎಂಬತ್ತರ ದಶಕದಲ್ಲಿ ಜಪಾನಿನ ಸಹಯೋಗದಿಂದ ಬಂದ ೧೦೦ ಸಿ.ಸಿ.ಯ ಹಗುರ ವಾಹನಗಳು ಲೀಟರಿಗೆ ಬಹುದೂರ ಓಡತೊಡಗಿದಾಗ ಯೆಜ್ಡಿಗೆ ಕಷ್ಟಕಾಲ ಬಂದಿತು. ಹೊಗೆಯ ನಿಯಮಗಳೂ ಬಿಗಿಯಾದುವು. ೧೯೯೬ರಲ್ಲಿ ಮೈಸೂರಿನ ತಯಾರಿಕೆ ನಿಂತಿತು. ಇಪ್ಪತ್ತೆರಡು ವರುಷಗಳ ತರುವಾಯ, ೨೦೧೮ರ ನವೆಂಬರಿನಲ್ಲಿ, ಮಹೀಂದ್ರ ಸಮೂಹದ ಆಶ್ರಯದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆಯು ಜಾವಾ ಹೆಸರನ್ನು ಮರಳಿ ತಂದಿತು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರು ಅದರಲ್ಲಿ ಪಾಲುಗಾರರು. ರೂಪವು ಹಳೆಯದರ ನೆನಪು ತರುವಂತಿದೆ. ಹುಟ್ಟಿದ ಊರು ಮಾತ್ರ ಮೈಸೂರಲ್ಲ, ಮಧ್ಯಪ್ರದೇಶದ ಪೀಥಾಂಪುರ. ಒಳಗಿನ ಯಂತ್ರವಂತೂ ಸಂಪೂರ್ಣ ಬೇರೆ.

ಈಗ ಪ್ರಕೃತ ವಿಷಯಕ್ಕೆ ಬರೋಣ. ನಮ್ಮಲ್ಲಿ ಓದಿ ಈಗ ದಾವಣಗೆರೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಒಬ್ಬರ ಮಗನಿಗೆ ಹರಿಹರದಲ್ಲಿ ಕೆಲಸ ದೊರೆಯಿತು. ದಿನವೂ ಹೋಗಿ ಬರಬೇಕು. ಒಂದು ಕಡೆಗೆ ಸುಮಾರು ೧೪ ಕಿಲೋಮೀಟರು. ಮಗನ ಉಳಿತಾಯ, ತಾಯಿಯು ಹಿಡಿದಿದ್ದ ಚೀಟಿಯ ಹಣ, ಎರಡೂ ಸೇರಿ ಲಕ್ಷದ ಆಸುಪಾಸು ಆಗುತ್ತಿತ್ತು. ಅಷ್ಟೇ ಬೆಲೆಗೆ ಎರಡು ಮೋಟಾರು ಸೈಕಲ್ಲುಗಳು ಕಣ್ಣಿಗೆ ಬಿದ್ದಿದ್ದುವು. ಒಂದು ಹರಿಹರದ ನಿವೃತ್ತ ಟರ್ನರೊಬ್ಬರ ೧೯೮೬ರ ಯೆಜ್ಡಿ ರೋಡ್‌ಕಿಂಗ್. ಇನ್ನೊಂದು ದಾವಣಗೆರೆಯಲ್ಲೇ ಇದ್ದ ೨೦೧೯ರ ಜಾವಾ. ತಂದೆಗೆ ಕಾಲೇಜಿನ ದಿನಗಳಿಂದಲೂ ರೋಡ್‌ಕಿಂಗಿನ ಮೇಲೆ ಮನಸ್ಸು; ಆಗ ಕೊಳ್ಳುವ ಶಕ್ತಿಯಿರಲಿಲ್ಲ. ಮಗನಿಗೆ ಎರಡೂ ಇಷ್ಟ. 'ಮೇಷ್ಟ್ರೇ, ನೀವೇ ಬಂದು ನೋಡಿ ಒಂದು ಮಾತು ಹೇಳಬೇಕು' ಎಂದು ತಂದೆ ಕರೆದುದರಿಂದ ನಾವೂ ಜೊತೆಗೂಡಿ ಹೋದೆವು. ನಾವು ಯಂತ್ರಶಾಸ್ತ್ರಜ್ಞರಲ್ಲದಿದ್ದರೂ ಯೆಜ್ಡಿಯ ಮೇಲೆ ಹದಿನೆಂಟು ವರುಷ ಶಾಲೆಗೆ ಹೋಗಿ ಬಂದವರು. ಹರಿಹರೇಶ್ವರನ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ. ಮೋಟಾರು ಸೈಕಲ್ಲು ಕೊಳ್ಳುವವರಿಗೆ ಆ ಸೌಕರ್ಯವಿಲ್ಲ, ಒಂದನ್ನು ಬಿಡಲೇಬೇಕು.

ಮೊದಲು ಹಳೆಯದನ್ನು ನೋಡಿದೆವು. ಆ ಹಿರಿಯರು ಗಾಡಿಯ ಮೇಲಿನ ಹೊದಿಕೆಯನ್ನು ತೆಗೆದು, ಪೆಟ್ರೋಲಿನ ಕೊಳಾಯಿ ತಿರುಗಿಸಿ, ಎಡಗಡೆಯ ಗೇರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿ ಎರಡನೆಯ ಸಲಕ್ಕೆ ಎಂಜಿನನ್ನು ಎಬ್ಬಿಸಿದರು. ಗೇರು ಹಾಕುವುದಕ್ಕೂ ಕಿಕ್ಕು ಹೊಡೆಯುವುದಕ್ಕೂ ಒಂದೇ ಸನ್ನೆ ಇರುವುದು ಜಾವಾ ಕುಲದ ವಿಶೇಷ. ೨೫೦ ಸಿ.ಸಿ.ಗೆ ಕೊಂಚ ಕಡಮೆಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು, ಸುಮಾರು ೧೬ ಅಶ್ವಶಕ್ತಿ, ನಾಲ್ಕು ಗೇರುಗಳು. ಇದು ಟೂ ಸ್ಟ್ರೋಕ್ ಯಂತ್ರ. ಅಂದರೆ ಕೊರಡು ಒಂದು ಸಲ ಸುತ್ತಿದರೆ ಒಂದು ಸ್ಫೋಟ. ವಾಲ್ವುಗಳಿಲ್ಲ. ಎಂಜಿನ್ನಿನ ಒಳಭಾಗಗಳಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಲೀಟರಿಗೆ ಮೂವತ್ತರಿಂದ ನಲವತ್ತು ಮಿಲಿಲೀಟರಿನಂತೆ ಬೆರೆಸಬೇಕು. ಅದು ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಒಳಗಿನ ಅಂಗಗಳು ಕಡಮೆಯಾದುದರಿಂದ ಸಾಧಾರಣ ಮೆಕ್ಯಾನಿಕ್ಕನೂ ಇದನ್ನು ಬಿಚ್ಚಿ ಜೋಡಿಸಬಲ್ಲ. ಹಳೆಯ ಯೆಜ್ಡಿಗಳು ಇಂದಿಗೂ ಬದುಕಿರುವುದಕ್ಕೆ ಇದೇ ಕಾರಣ.

ಇಂತಹ ಗಾಡಿಯನ್ನು ನೋಡಲು ಹೋಗುವವರು ಮೊದಲೇ ಹೇಳಿ, ಎಂಜಿನ್ನನ್ನು ಬಿಸಿಮಾಡದೆ ಇಡಲು ಕೇಳಿಕೊಳ್ಳಬೇಕು. ತಣ್ಣಗಿರುವಾಗ ಎಬ್ಬಿಸಿದರೇ ಅದರ ನಿಜಸ್ವಭಾವ ತಿಳಿಯುವುದು. ನೀಲಿಛಾಯೆಯ ತೆಳು ಹೊಗೆ ಸಹಜ. ದಟ್ಟವಾದ ಬಿಳಿಯ ಹೊಗೆ ಬಿಡದೆ ಬರುತ್ತಿದ್ದು, ಗೇರುಪೆಟ್ಟಿಗೆಯ ಎಣ್ಣೆಯೂ ಕಡಮೆಯಾಗುತ್ತಿದ್ದರೆ ಕ್ರ್ಯಾಂಕಿನ ಸೀಲು ಸವೆದಿದೆಯೆಂದು ತಿಳಿಯಬೇಕು. ಅದನ್ನು ಬದಲಿಸಲು ಎಂಜಿನ್ನನ್ನು ಬಿಚ್ಚುವ ಕೆಲಸವಿದೆ. ಸಿಲಿಂಡರನ್ನು ಎಷ್ಟು ಸಲ ಬೋರ್ ಮಾಡಿಸಿದ್ದಾರೆಂದು ಕೇಳಲು ಸಂಕೋಚಪಡಬಾರದು. ಸಿಲಿಂಡರು ಸವೆದಾಗ ಒಳಗೋಡೆಯನ್ನು ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಹಂತದಲ್ಲಿ ಕೊರೆದು ಅಷ್ಟೇ ದಪ್ಪನೆಯ ಪಿಸ್ಟನ್ ಹಾಕುತ್ತಾರೆ. ಹೀಗೆ ಕೆಲವು ಸಲ ಮಾತ್ರ ಮಾಡಬಹುದು. ಆಮೇಲೆ ಗೋಡೆ ಉಳಿಯುವುದಿಲ್ಲ. ಕೊನೆಯ ಹಂತಕ್ಕೆ ಬಂದ ಸಿಲಿಂಡರಿರುವ ಗಾಡಿಗೆ ಹೊಳೆಯುವ ಬಣ್ಣ ಹಾಕಿ ಮಾರುವುದೂ ಉಂಟು.

ಆ ಹಿರಿಯರು ಈ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು: ನಲವತ್ತು ವರುಷಗಳಲ್ಲಿ ಎರಡು ಸಲ, ಎರಡೂ ಸಲ ತಾವೇ ನಿಂತು ಮಾಡಿಸಿದ್ದು. ಹರಿಹರದಲ್ಲಿ ಇದು ಆಶ್ಚರ್ಯದ ಮಾತಲ್ಲ. ೧೯೪೧ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತು ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿ ಬಹಳ ವರುಷಗಳಾದರೂ ಅಲ್ಲಿ ಪಳಗಿದ ಕೈಗಳು ಊರಿನಲ್ಲಿ ಇನ್ನೂ ಇವೆ. ಕೂದಲೆಳೆಯ ಅಳತೆಯಲ್ಲಿ ಉಕ್ಕನ್ನು ಕಡೆದವರಿಗೆ ಒಂದು ಮೋಟಾರು ಸೈಕಲ್ಲು ಮನೆಯ ಹಸುವಿನಂತೆ. ದೊರೆಯದ ಬುಷ್‌ಗಳನ್ನು ಅವರು ತಾವೇ ಕಡೆದುಕೊಂಡಿದ್ದರು. ಪ್ರತಿ ಭಾನುವಾರ ಬೆಳಗ್ಗೆ ಪಾಯಿಂಟುಗಳ ಅಂತರವನ್ನು ನೋಡುತ್ತಿದ್ದರು. ಎಣ್ಣೆ ಬದಲಿಸಿದ ದಿನಾಂಕಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡುತ್ತಿದ್ದರು. ಆ ಗಾಡಿಯ ಆರೋಗ್ಯವು ಗಾಡಿಯಲ್ಲಿ ಎಷ್ಟಿತ್ತೋ ಆ ಮನುಷ್ಯರ ಕೈಯಲ್ಲಿಯೂ ಅಷ್ಟೇ ಇತ್ತು. ಗಾಡಿ ಮಾರಾಟಕ್ಕಿತ್ತು, ಕೈ ಮಾರಾಟಕ್ಕಿರಲಿಲ್ಲ. ತಂದೆ ಅಂಗಡಿ ಬಿಟ್ಟು ಏಳುವಂತಿಲ್ಲ, ಮಗ ಸ್ಪ್ಯಾನರು ಹಿಡಿದವನಲ್ಲ. ಹೀಗಿರಲು ಆ ಕ್ಷೇಮದ ಭಾರವನ್ನು ಹೊರುವವರಾರು?

ದಾವಣಗೆರೆಗೆ ಮರಳಿ ಹೊಸದನ್ನು ನೋಡಿದೆವು. ೨೯೩ ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್, ಸುಮಾರು ೨೭ ಅಶ್ವಶಕ್ತಿ, ಆರು ಗೇರುಗಳು. ತಂಪಿಗೆ ನೀರಿನ ರೇಡಿಯೇಟರು. ಕಾರ್ಬುರೇಟರಿನ ಬದಲಾಗಿ, ಎಷ್ಟು ಪೆಟ್ರೋಲನ್ನು ಯಾವ ಗಳಿಗೆಯಲ್ಲಿ ಸಿಂಪಡಿಸಬೇಕೆಂಬುದನ್ನು ಒಂದು ಪುಟ್ಟ ಗಣಕಯಂತ್ರ ನಿರ್ಣಯಿಸುತ್ತದೆ. ಗುಂಡಿ ಒತ್ತಿದರೆ ಏಳುತ್ತದೆ. ಇದರಲ್ಲಿ ಕೆಟ್ಟುದನ್ನು ಕಂಡುಹಿಡಿಯಲು ಕಿವಿಯೊಂದೇ ಸಾಲದು, ತಕ್ಕ ಉಪಕರಣ ಬೇಕು. ಆದಕಾರಣ ಸರ್ವಿಸ್ ಕೇಂದ್ರ ಎಷ್ಟು ಹತ್ತಿರದಲ್ಲಿದೆ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಹೋಗಿ ವಿಚಾರಿಸಬೇಕು. ಮಾರುವವರ ಮಾತನ್ನು ಇದಕ್ಕೆ ನೆಚ್ಚಬಾರದು. ಸರ್ವಿಸ್ ಪುಸ್ತಕದಲ್ಲಿ ಮುದ್ರೆಗಳು ಬಿದ್ದಿವೆಯೇ, ರೇಡಿಯೇಟರಿನಲ್ಲಿ ಕೂಲೆಂಟಿನ ಬದಲು ಬರಿಯ ನಲ್ಲಿನೀರು ತುಂಬಿದ್ದಾರೆಯೇ, ಸೈಲೆನ್ಸರಿನ ಅಡಿಭಾಗ ತುಕ್ಕು ಹಿಡಿದಿದೆಯೇ, ಹ್ಯಾಂಡಲ್ಲನ್ನು ತಿರುಗಿಸಿದಾಗ ನಡುವೆ ಎಲ್ಲಾದರೂ ಹಿಡಿದಂತಾಗುತ್ತದೆಯೇ, ಇವನ್ನು ನೋಡಿದರೆ ಗಾಡಿಯ ಪೂರ್ವಚರಿತ್ರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಆ ಗಾಡಿಯು ಹೆಚ್ಚು ಓಡಿರಲಿಲ್ಲ, ಬ್ಯಾಟರಿಯೊಂದು ಸೋತಿತ್ತು.

ಇಂಧನದ ಲೆಕ್ಕವನ್ನೂ ಹಾಕಿದೆವು. ತಿಂಗಳಿಗೆ ಇಪ್ಪತ್ತೈದು ದಿನ ಓಡಿದರೆ ೭೦೦ ಕಿಲೋಮೀಟರು. ಹಿರಿಯರ ಅನುಭವದಲ್ಲಿ ರೋಡ್‌ಕಿಂಗ್ ಲೀಟರಿಗೆ ೨೫ ಕೊಡುತ್ತಿತ್ತು. ಅಂದರೆ ೨೮ ಲೀಟರು ಪೆಟ್ರೋಲು, ಮೇಲೆ ಸುಮಾರು ಒಂದು ಲೀಟರು ಎಣ್ಣೆ. ಜಾವಾದ ಒಡೆಯರು ಹೇಳಿದಂತೆ ಅದು ೩೨ ಕೊಟ್ಟರೆ ೨೨ ಲೀಟರು. ಪೆಟ್ರೋಲಿನ ಬೆಲೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಎಣ್ಣೆಯ ಬೆಲೆಯೂ ಸೇರಿ ತಿಂಗಳಿಗೆ ಸಾವಿರ ರೂಪಾಯಿಯ ಹತ್ತಿರದ ಅಂತರ. ಆದರೆ ಹೊಸದಕ್ಕೆ ಸರ್ವಿಸ್ ಕೇಂದ್ರದ ಖರ್ಚು ಹೆಚ್ಚು. ಒಟ್ಟಿನಲ್ಲಿ ಹಣದ ತಕ್ಕಡಿ ಯಾವ ಕಡೆಗೂ ಬಲವಾಗಿ ಬಾಗಲಿಲ್ಲ.

ತಕ್ಕಡಿಯನ್ನು ಬಾಗಿಸಿದವರು ಮನೆಯ ತಾಯಿ. ತಂದೆ ಮಗನಿಬ್ಬರೂ ಯಾವುದು ಎಷ್ಟು ಓಡುತ್ತದೆ, ಯಾವುದರ ಸದ್ದು ಚೆನ್ನ ಎಂದು ಮಾತಾಡುತ್ತಿರುವಾಗ, ಚಹಾ ತಂದಿಟ್ಟ ಆಕೆ 'ಮೇಷ್ಟ್ರೇ, ಲಾರಿ ಅಡ್ಡ ಬಂದ್ರೆ ಯಾವುದು ಬೇಗ ನಿಲ್ತೈತ್ರಿ?' ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳದೆ ಇದ್ದ ಪ್ರಶ್ನೆ ಅದು.

ರೋಡ್‌ಕಿಂಗಿನ ಎರಡು ಚಕ್ರಗಳಿಗೂ ಡ್ರಮ್ ಬ್ರೇಕು. ಡ್ರಮ್ಮಿನೊಳಗೆ ನೀರು ಹೊಕ್ಕರೆ ಒಣಗುವವರೆಗೆ ಹಿಡಿತ ಸಡಿಲ. ಅಲ್ಲದೆ ಟೂ ಸ್ಟ್ರೋಕ್ ಎಂಜಿನ್ನು ಆಕ್ಸಿಲರೇಟರು ಬಿಟ್ಟಾಗ ಗಾಡಿಯನ್ನು ತಾನಾಗಿ ಹಿಡಿದೆಳೆಯುವುದು ಬಹಳ ಕಡಮೆ. ಆ ಕೆಲಸವೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಅದರ ಕಾಲಕ್ಕೆ ಆ ಬ್ರೇಕು ಸಾಲದೆಂದು ಯಾರೂ ಹೇಳುತ್ತಿರಲಿಲ್ಲ, ಏಕೆಂದರೆ ಮುಂದೆ ಹೋಗುವ ಲಾರಿಯೂ ಅಷ್ಟೇ ನಿಧಾನವಾಗಿ ನಿಲ್ಲುತ್ತಿತ್ತು. ಈಗ ಮುಂದಿರುವ ಕಾರು ಕ್ಷಣಾರ್ಧದಲ್ಲಿ ನಿಂತುಬಿಡುತ್ತದೆ. ಹಿಂದಿರುವ ಹಳೆಯ ಗಾಡಿ ನಿಲ್ಲಲಾರದು. ಹಳೆಯ ವಾಹನಕ್ಕೆ ಹೊಸ ರಸ್ತೆಯಲ್ಲಿ ಒದಗುವ ಅಪಾಯವೆಂದರೆ ಇದು.

ಹೊಸ ಜಾವಾದ ಮುಂಚಕ್ರಕ್ಕೆ ಡಿಸ್ಕ್ ಬ್ರೇಕಿದೆ, ಜೊತೆಗೆ ಎ.ಬಿ.ಎಸ್. ಎಂಬ ವ್ಯವಸ್ಥೆಯಿದೆ. ಬ್ರೇಕು ಬಲವಾಗಿ ಹಿಡಿದಾಗ ಚಕ್ರವು ಪೂರ್ತಿ ನಿಂತು ಜಾರತೊಡಗಿದರೆ ಈ ವ್ಯವಸ್ಥೆಯು ಅದನ್ನು ಗ್ರಹಿಸಿ, ಸೆಕೆಂಡಿಗೆ ಹಲವು ಸಲ ಹಿಡಿತವನ್ನು ಬಿಟ್ಟು ಹಿಡಿದು ಮಾಡುತ್ತದೆ. ಸವಾರನು ಸಮತೋಲ ತಪ್ಪುವುದಿಲ್ಲ. ೧೨೫ ಸಿ.ಸಿ.ಗೆ ಮೇಲ್ಪಟ್ಟ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ೨೦೧೯ರ ಏಪ್ರಿಲಿನಿಂದ ಇದು ಕಡ್ಡಾಯ. ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಬೇಕು: ಜಾವಾದ ಮೊದಲ ಗಾಡಿಗಳಲ್ಲಿ ಇದು ಮುಂಚಕ್ರಕ್ಕೆ ಮಾತ್ರ ಇತ್ತು, ೨೦೧೯ರಿಂದ ಎರಡೂ ಚಕ್ರಗಳಿಗೆ ಇರುವ ಮಾದರಿಯೂ ದೊರೆಯಿತು. ನಮ್ಮ ಜಿಲ್ಲೆ ಮೆಕ್ಕೆಜೋಳದ ಸೀಮೆ. ಸುಗ್ಗಿಯಲ್ಲಿ ಹಳ್ಳಿಯ ರಸ್ತೆಗಳ ಅಂಚಿಗೆ ಕಾಳನ್ನು ಒಣಹಾಕುತ್ತಾರೆ. ಚೆಲ್ಲಿದ ಕಾಳಿನ ಮೇಲೆ ಹಿಂಚಕ್ರ ಜಾರಿದರೆ ಏನಾಗುವುದೆಂಬುದನ್ನು ಬಿದ್ದವರೇ ಬಲ್ಲರು. ಆದುದರಿಂದ ಎರಡೂ ಚಕ್ರಗಳ ಎ.ಬಿ.ಎಸ್. ಇರುವುದನ್ನೇ ಹುಡುಕಬೇಕೆಂದು ನಾವು ಹೇಳಿದೆವು. ಪುಣ್ಯಕ್ಕೆ ಆ ಗಾಡಿ ಅಂತಹುದೇ ಆಗಿತ್ತು.

ಮನೆಯಲ್ಲಿ ಬೇರೆ ವಾಹನವಿದ್ದು, ಬಿಡುವಿನ ದಿನ ಗುಡ್ಡದ ಕಡೆಗೆ ಒಂದು ಸುತ್ತು ಹೋಗಿಬರಲು ಬೇಕಾಗಿದ್ದರೆ, ಕೈಗೆ ಎಣ್ಣೆಮಸಿ ಹತ್ತಿಸಿಕೊಳ್ಳಲು ಬೇಸರಪಡದವರು ಮನೆಯಲ್ಲಿದ್ದರೆ, ನಾವು ಕಣ್ಣುಮುಚ್ಚಿ ರೋಡ್‌ಕಿಂಗನ್ನೇ ಹೇಳುತ್ತಿದ್ದೆವು. ಅದರ ಸದ್ದಿನಲ್ಲಿರುವ ತಾಳ ಹೊಸದರಲ್ಲಿಲ್ಲ. ಈ ಮಾತಿನಲ್ಲಿ ನಮಗೆ ಪಕ್ಷಪಾತವುಂಟು, ಅದನ್ನು ಬಚ್ಚಿಡುವುದಿಲ್ಲ. ಆದರೆ ಒಂದೇ ವಾಹನವಿರುವ ಮನೆಯಲ್ಲಿ, ಇಪ್ಪತ್ತಮೂರರ ಹುಡುಗನು ಮಳೆ ಬಿಸಿಲೆನ್ನದೆ ಹಳೆಯ ಪುಣೆ–ಬೆಂಗಳೂರು ರಸ್ತೆಯಲ್ಲಿ ಲಾರಿಗಳ ನಡುವೆ ಹೋಗಿ ಕತ್ತಲಾದ ಮೇಲೆ ಬರಬೇಕಾಗಿರುವಾಗ, ೨೦೧೯ರ ಗಾಡಿಯೇ ಸರಿ. ತಂದೆಯ ಮುಖ ಸ್ವಲ್ಪ ಸಪ್ಪಗಾಯಿತು. ಅವರು ಎದುರಾಡಲಿಲ್ಲ.

ಎರಡೂ ತಲೆಮಾರಿನ ಗಾಡಿಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯ ಪೆಟ್ರೋಲಿನದು. ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ತೆಗೆದ ಎಥನಾಲನ್ನು ಶೇಕಡ ೨೦ರಷ್ಟು ಬೆರೆಸಿದ ಪೆಟ್ರೋಲು ೨೦೨೫ರ ವೇಳೆಗೆ ದೇಶದ ಬಂಕುಗಳಲ್ಲೆಲ್ಲ ಹರಡಿತು. ರೈತರಿಗೆ ಇದರಿಂದ ಅನುಕೂಲವಿರಬಹುದು. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡುತ್ತದೆ. ೧೯೮೬ರ ಗಾಡಿಯಲ್ಲಿ ಪೆಟ್ರೋಲಿನ ಕೊಳವೆ, ಕಾರ್ಬುರೇಟರಿನ ರಬ್ಬರುಗಳನ್ನು ಬದಲಿಸಬೇಕು. ಟ್ಯಾಂಕಿನಲ್ಲಿ ಪೆಟ್ರೋಲಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬಾರದು. ೨೦೧೯ರದೂ ಈ ಮಿಶ್ರಣಕ್ಕೆಂದೇ ಹುಟ್ಟಿದುದಲ್ಲವಾದ್ದರಿಂದ ಕಂಪೆನಿಯ ಕೈಪಿಡಿಯಲ್ಲಿ ಏನು ಹೇಳಿದೆಯೆಂದು ನೋಡಿಕೊಳ್ಳುವುದೊಳ್ಳೆಯದು.

ಕೊನೆಗೆ ಕಾಗದಪತ್ರಗಳು. ಸ್ವಂತ ಬಳಕೆಯ ವಾಹನದ ನೋಂದಣಿಗೆ ಹದಿನೈದು ವರುಷ ಆಯುಸ್ಸು. ಬಳಿಕ ಗಾಡಿಯನ್ನು ತೋರಿಸಿ ಐದೈದು ವರುಷಕ್ಕೆ ನವೀಕರಿಸಬೇಕು. ಮೋಟಾರು ಸೈಕಲ್ಲಿಗೆ ಈ ನವೀಕರಣದ ಶುಲ್ಕ ೩೦೦ ರೂಪಾಯಿ ಇದ್ದುದು ೨೦೨೨ರ ಏಪ್ರಿಲಿನಿಂದ ೧,೦೦೦ ಆಯಿತು; ಇಪ್ಪತ್ತು ವರುಷ ಮೀರಿದವಕ್ಕೆ ೨೦೨೫ರಲ್ಲಿ ಇನ್ನೂ ಏರಿತು. ಹಳೆಯ ಗಾಡಿಯ ಸಂಖ್ಯೆ ಸಾರಿಗೆ ಇಲಾಖೆಯ ಗಣಕದ ದಾಖಲೆಯಲ್ಲಿ ಸೇರಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಬೇಕು. ದಾವಣಗೆರೆ ಜಿಲ್ಲೆಯಾದದ್ದೇ ೧೯೯೭ರಲ್ಲಿ. ಅದಕ್ಕೆ ಹಿಂದಿನ ಗಾಡಿಗಳ ಮೂಲ ಕಾಗದಗಳು ಚಿತ್ರದುರ್ಗ ಜಿಲ್ಲೆಯ ಕಾಲದವು. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಸ್ವತಃ ಉಜ್ಜಿ ಓದಿ ಆರ್.ಸಿ.ಯೊಡನೆ ತಾಳೆ ನೋಡಬೇಕು. ಹೊಸ ಗಾಡಿಯಾದರೆ ಸಾಲದ ಬಾಕಿಯಿಲ್ಲವೆಂಬ ಬ್ಯಾಂಕಿನ ಪತ್ರ ಕೇಳಬೇಕು.

ಮಾರಿದವರು ೨೯ನೆಯ ನಮೂನೆಯಲ್ಲಿ ತಿಳಿಸಲು ಹದಿನಾಲ್ಕು ದಿನ, ಕೊಂಡವರು ೩೦ನೆಯ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಲು ಮೂವತ್ತು ದಿನ ಅವಕಾಶವಿದೆ. ವಿಮೆಯನ್ನೂ ಹದಿನಾಲ್ಕು ದಿನಗಳಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದ ಮೇಲೆ ನಮಗೇನೆಂದು ಸುಮ್ಮನಿರುವ ಗೃಹಸ್ಥರು ತಿಳಿದಿರಬೇಕಾದ ವಿಷಯವೊಂದಿದೆ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪಿತ್ತಿದೆ. ನಮ್ಮ ಹುಡುಗನ ಅರ್ಜಿ ಹನ್ನೊಂದನೆಯ ದಿನ ಸಲ್ಲಿತು. ಹರಿಹರದ ರೋಡ್‌ಕಿಂಗಿನ ನೋಂದಣಿ ಕೆಲವು ತಿಂಗಳಲ್ಲಿ ಮುಗಿಯಲಿದ್ದುದರಿಂದ ಅದರ ಒಡೆಯರು ಇನ್ನೈದು ವರುಷಕ್ಕೆ ತಾವೇ ನವೀಕರಿಸಿಕೊಳ್ಳುವುದಾಗಿ ಹೇಳಿ ಕಳುಹಿಸಿದ್ದಾರೆ.